ಕಲ್ಲಿನ ಮಗ್ಗುಲು

ತನ್ನ ಅಕ್ಕನ ಮಗಳು ಮೊಣಕಾಲುದ್ದ ನೀರಲ್ಲಿ ಬಗ್ಗಿ ಕಲ್ಲೊಂದನ್ನು ಮಗುಚಿದಾಗ, ದಡದಲ್ಲಿ ನಿಂತಿದ್ದ ಬಣ್ಣದ ಕಾರ್ಖಾನೆಯ ಯಜಮಾನ ನೀರಿನ ಅಂಚಿಗೇ ಬಂದು ಇಣುಕಿದ. ಅವಳು ನೀರಿನ ಮಾಲಿನ್ಯ ನೋಡಿಕೊಳ್ಳುವ ಪ್ರಾದೇಶಿಕ ಪರಿಷತ್ತಿನಿಂದ ಹೊಳೆ ಪರೀಕ್ಷಿಸಲು ಬಂದವಳು. ಕಲ್ಲಡಿ ಹುಳುಗಳಿದ್ದರೆ ನೀರಿಗೆ ಜೀವವಿದೆ ಎಂದರ್ಥ. ಒಂದೂ ಇರಲಿಲ್ಲ.

"ನೋಡಿದ್ರೂ ನೋಡದ ಹಾಗೆ ಇದ್ಬಿಡೇ. ನಿನ್ನನ್ನ ಎತ್ತಿ ಆಡಿಸಿದ ಮಾವ ನಾನು."

"ಅದಕ್ಕೇ ಮಾವ, ಹುಳ ಇಲ್ಲ ಅಂತ ನಗ್ತಾ ಬರ್ಕೊತೀನಿ."

ಅವಳು ಕಲ್ಲನ್ನು ಎಸೆಯಲಿಲ್ಲ. ಎತ್ತಿದ ಗುಳಿಯಲ್ಲೇ, ಮೊದಲಿದ್ದ ಮಗ್ಗುಲಿಗೇ, ನಿದ್ದೆ ಹೋದ ಕೂಸನ್ನು ಮಲಗಿಸುವಷ್ಟು ಮೆಲ್ಲಗೆ ಇಟ್ಟಳು.

"ಹುಳವೇ ಇಲ್ಲ, ಇನ್ಯಾರಿಗೆ ಈ ಉಪಚಾರ?"

"ವಾಪಸ್ ಬಂದಾಗ ಅವಕ್ಕೆ ಮನೆ ಇರಬೇಕಲ್ವಾ, ಮಾವ?"

ಮಾವ ಕಾರ್ಖಾನೆಯತ್ತ ತಿರುಗಿದ. ಕೆಲಸದವರನ್ನೂ ಕೂಗದೆ ಸರಸರನೆ ಹೋಗಿ, ಬಣ್ಣದ ಕೊಳೆನೀರನ್ನು ಹೊಳೆಗೆ ಬಿಡುತ್ತಿದ್ದ ಕೊಳವೆಯ ವಾಲ್ವನ್ನು ತನ್ನ ಕೈಯಾರೆ ಬಿಗಿಯಾಗಿ ಮುಚ್ಚಿದ.