ಬಿಟ್ಟುಕೊಟ್ಟ ಜಾಗ

“ಕರೀರಿ ಅವಳನ್ನ! ಇಲ್ಲಾಂದ್ರೆ ನಾನೇ ಒಳಗೆ ನುಗ್ತೀನಿ.”

ಮೆಸ್ ಯಜಮಾನ ಧ್ಯಾನಶಿಬಿರದ ಕಚೇರಿಯ ಮೇಜು ಗುದ್ದಿದ. ಆಚೆ ಕುಳಿತಿದ್ದ ವ್ಯವಸ್ಥಾಪಕಿ ತುಟಿಯ ಮೇಲೆ ಬೆರಳಿಟ್ಟಳು. ಗೋಡೆಯ ಮೇಲಿದ್ದ ಬುದ್ಧ ಕಣ್ಣೇ ತೆರೆಯಲಿಲ್ಲ.

ಅವನ ರಂಪಕ್ಕೆ ಕಾರಣವಿತ್ತು. ನಾಳೆ ಮಧ್ಯಾಹ್ನ ಕಾರ್ಖಾನೆಯವರು ಅವನ ಮೆಸ್ಸಿಗೆ ರುಚಿ ನೋಡಲು ಬರುವವರಿದ್ದರು. ಒಪ್ಪಿದರೆ ಇಡೀ ಕಾರ್ಖಾನೆಯ ಊಟ ಅವನದು. ಒಪ್ಪದಿದ್ದರೆ ಎದುರು ಬೀದಿಯವನ ಪಾಲು. ಬೋರ್ಡಿನ ಮೇಲೆ ಹೆಸರು ಅವನದಾದರೂ ಒಲೆಯ ಮುಂದಿದ್ದ ಕೈ ಹೆಂಡತಿಯದು. ಆ ಹೆಂಡತಿ ಮೊನ್ನೆ “ಧ್ಯಾನಕ್ಕೆ ಹೋಗ್ತಿದ್ದೀನಿ” ಎಂದವಳೇ, ಅವನು ತೆರೆದ ಬಾಯಿ ಮುಚ್ಚುವಷ್ಟರಲ್ಲಿ ತರಕಾರಿಯವನ ಟೆಂಪೋ ಹತ್ತಿ ಹೊರಟುಬಿಟ್ಟಿದ್ದಳು.

ಅಮ್ಮನಾದರೂ ಮನೆಯಲ್ಲಿದ್ದಿದ್ದರೆ ಸೊಸೆಗೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಮೆಸ್ಸಿನ ಒಲೆಯನ್ನು ಮೊದಲು ಹಚ್ಚಿ, ಅದರ ಮುಂದೆ ಅರ್ಧ ಆಯುಷ್ಯ ಸವೆಸಿದವಳು ಅವಳು. ಈಗ ವರ್ಷಕ್ಕೊಮ್ಮೆ ಹೋಗುವ ಮಂಡಿ ಚಿಕಿತ್ಸೆಗೆ ಹೋಗಿದ್ದಳು. ಅದೆಂಥ ದರಿದ್ರ ಚಿಕಿತ್ಸೆಯೋ! ಮುಗಿಸಿ ಬಂದಾಗಲೆಲ್ಲ ಮಂಡಿ ಮೊದಲಿಗಿಂತ ಜಾಸ್ತಿ ನೋಯುತ್ತಿತ್ತು. ರಾತ್ರಿ ಊಟವನ್ನೂ ಬಿಟ್ಟುಬಿಟ್ಟಿದ್ದಳು ಪಾಪ.

“ನಿಮ್ಮವರು ಮೌನದಲ್ಲಿದ್ದಾರೆ,” ಎಂದಳು ವ್ಯವಸ್ಥಾಪಕಿ.

“ಮನೇಲೂ ಬಾಯಿ ಬಿಡ್ತಿರಲಿಲ್ಲ. ಅದಕ್ಕೆ ಇಲ್ಲಿಗ್ಯಾಕೆ ಬರ್ಬೇಕಿತ್ತು? ಎಷ್ಟು ಕೀಳ್ತೀರಿ ಇದಕ್ಕೆಲ್ಲ?”

“ಏನೂ ತಗೊಳ್ಳಲ್ಲ. ಹಿಂದೆ ಇಲ್ಲಿ ಕೂತು ಹೋದೋರು ಕೊಟ್ಟ ದಾನದಲ್ಲೇ ಎಲ್ಲಾ ನಡೆಯೋದು.”

“ಊಟಾನೂ ಪುಕ್ಕಟೇನಾ?” ಮೆಸ್ ನಡೆಸುವವನಿಗೆ ಇದಕ್ಕಿಂತ ಅನುಮಾನದ ಮಾತು ಇನ್ನೊಂದಿರಲಿಲ್ಲ. “ಇದರಲ್ಲೇನೋ ಮಸಲತ್ತಿದೆ!”

“ಈ ಸಲ ಎಲ್ಲಾ ಭರ್ತಿಯಾಗಿತ್ತು ಸಾರ್. ಒಬ್ಬರು ತಮ್ಮ ಜಾಗಾನೇ ನಿಮ್ಮವರಿಗೆ ಬಿಟ್ಟುಕೊಟ್ಟರು. ಅದೂ ದಾನವೇ.”

“ಯಾರವನು?”

“ಕೊಟ್ಟವರ ಹೆಸರು ಹೇಳೋ ಪದ್ಧತಿ ನಮ್ಮಲ್ಲಿಲ್ಲ.”

ಅವನ ಮೈ ಉರಿದುಹೋಯಿತು. ಅವನು ಇನ್ನೊಮ್ಮೆ ಮೇಜು ಗುದ್ದಲು ಕೈಯೆತ್ತಿದಾಗ ವ್ಯವಸ್ಥಾಪಕಿ ಎದ್ದು ಒಳಗೆ ಹೋದಳು. ಗುರುಗಳ ಅಪ್ಪಣೆ ಪಡೆದು ಅವನ ಹೆಂಡತಿಯನ್ನು ಬಾಗಿಲಿಗೆ ಕರೆತಂದಳು.

ಹೆಂಡತಿಯ ಕಾಲಿಗೆ ಚಪ್ಪಲಿಯಿರಲಿಲ್ಲ, ಮುಖದಲ್ಲಿ ಗಾಬರಿಯೂ ಇರಲಿಲ್ಲ. ಅವನಿಗೆ ಎರಡನೆಯದನ್ನೇ ಸಹಿಸಲಾಗಲಿಲ್ಲ.

“ನಡಿ ಮನೆಗೆ. ನಾಳೆ ಕಾರ್ಖಾನೆಯವರು ಬರ್ತಾರೆ.”

“ಗೊತ್ತು ರೀ. ಬರಲ್ಲ.”

“ಇಲ್ಲಿ ಕೂತು ಏನ್ ಮಾಡ್ತಿದ್ದೀಯ?”

“ಏನೂ ಮಾಡ್ತಿಲ್ಲ. ಮದುವೆಯಾದ ಮೇಲೆ ಇದೇ ಮೊದಲು.”

“ನನ್ನ ಮಾನ ಹೋಗುತ್ತಲ್ಲೇ!”

“ನಾಳೆ ಅವರು ಹೊಗಳಿದ್ರೆ ಯಾರಿಗೆ ಕೈ ಮುಗಿತಿದ್ರು? ನಿಮಗೇ ತಾನೆ? ಬೈದ್ರೂ ನೀವೇ ಬೈಸ್ಕೊಳ್ಳಿ.”

“ಯಾರು ನಿನ್ನ ತಲೆ ಕೆಡಿಸಿದ್ದು, ಅದನ್ನ ಹೇಳು!”

“ಹೇಳಲ್ಲ.”

ಅಷ್ಟೆಂದು ಅವಳು ತಿರುಗಿ ಧ್ಯಾನದ ಕೋಣೆಯತ್ತ ನಡೆದಳು. ಅವಸರವಿಲ್ಲದ ಆ ನಡಿಗೆಯನ್ನು ಅವನು ಮೆಸ್ಸಿನಲ್ಲಿ ಒಂದು ದಿನವೂ ಕಂಡಿರಲಿಲ್ಲ. ಕೂಗಿ ಕರೆದ. ಅವಳು ಹಿಂತಿರುಗಲಿಲ್ಲ.

ಯಜಮಾನ ಬುಸುಗುಡುತ್ತ ಅಂಗಳಕ್ಕಿಳಿದ. ಅಡುಗೆಮನೆಯ ಮಗ್ಗುಲಲ್ಲೇ ನಿಂತಿತ್ತು ತರಕಾರಿಯವನ ಟೆಂಪೋ. ಓಹೋ, ಸಿಕ್ಕಿಬಿದ್ದ ಕಳ್ಳ! ಮೂರೇ ಹೆಜ್ಜೆಗೆ ಅಂಗಳ ದಾಟಿದವನು ಅಡುಗೆಮನೆಗೆ ನುಗ್ಗಿ, ಕುಂಬಳಕಾಯಿ ಇಳಿಸುತ್ತಿದ್ದವನ ಕಾಲರ್ ಹಿಡಿದ.

“ನನ್ನ ಹೆಂಡ್ತಿಗೆ ಜಾಗ ಬಿಟ್ಟುಕೊಟ್ಟ ಧರ್ಮಾತ್ಮ ನೀನೇ ಏನೋ?”

“ಅಯ್ಯೋ, ನಾನಾ! ಎರಡು ನಿಮಿಷ ಬಾಯಿ ಮುಚ್ಚಿ ಕೂರೋ ಜಾತಿನಾ ನಂದು?” ತರಕಾರಿಯವನು ಕುಂಬಳಕಾಯಿಯನ್ನು ಎದೆಗೆ ಅವುಚಿಕೊಂಡ. “ಬಿಡಿ ಯಜಮಾನ್ರೇ. ವರ್ಷಾ ವರ್ಷಾ ಕರ್ಕೊಂಡು ಬಂದು ಬಿಡೋದಷ್ಟೇ ನನ್ನ ಕೆಲಸ.”

“ವರ್ಷಾ ವರ್ಷಾನಾ? ಅವಳು ಬಂದಿರೋದೇ ಈಗ! ಯಾರನ್ನೋ ಬಿಡ್ತೀಯ?”

ತರಕಾರಿಯವನು ಒಲೆಯ ಕಡೆ ನೋಡಿದ. ದೊಡ್ಡ ಹಂಡೆಯಿಂದ ಏಳುತ್ತಿದ್ದ ಹಬೆಯ ಹಿಂದೆ, ಬೆನ್ನು ಹಾಕಿ ನಿಂತು ಸಾರು ತಿರುವುತ್ತಿದ್ದವರು ಸೌಟನ್ನು ಅಂಚಿಗೆ ಕುಟ್ಟಿ ಕೆಳಗಿಟ್ಟರು.

“ಅವನ ಕಾಲರ್ ಬಿಡೋ. ಜಾಗ ನಂದು, ನನ್ನ ಸೊಸೆಗೆ ಕೊಟ್ಟೆ. ನಾಳೆ ಒಲೆ ನೀನೇ ಹಚ್ಕೋ,” ಎಂದು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಇತ್ತ ತಿರುಗಿದಳು ಅವನ ಅಮ್ಮ.