ಕತ್ತರಿಸಿದ ವೈರು

ಸಿಕ್ಸ್ಟೆನ್ ಬ್ಯಾಟರಿಯ ವೈರುಗಳನ್ನು ಬಿಚ್ಚಲಿಲ್ಲ, ಕಟಿಂಗ್ ಪ್ಲೈಯರ್ ಹಾಕಿ ಕತ್ತರಿಸಿಯೇಬಿಟ್ಟ. ದೋಣಿಯೊಳಗಿನ ನೀರೆತ್ತಿ ಹೊರಹಾಕುವ ಪಂಪು ನಿಂತಿತು. ಚಳಿಗಾಲವೆಲ್ಲ ದಡದಲ್ಲಿ ಒಣಗಿ, ಬೆಳಿಗ್ಗೆಯಷ್ಟೇ ನೀರಿಗಿಳಿದಿದ್ದ ಹಳೆಯ ಹಾಯಿದೋಣಿ. ಹಲಗೆಗಳು ನೆನೆದು ಉಬ್ಬುವವರೆಗೆ ಸಂದುಗಳಲ್ಲಿ ನೀರು ನುಗ್ಗುತ್ತಲೇ ಇರುತ್ತದೆ.

"ಡೈವೋರ್ಸಲ್ಲಿ ನೀನು ದೋಣಿ ಕೇಳ್ದೆ, ನಾನು ಕೊಟ್ಟೆ. ಬ್ಯಾಟರಿ ನಂದು, ವೈರಿಂಗೂ ನಂದೇ," ಎಂದ. "ನೀನು ಬಕೆಟ್ ಹಿಡ್ಕೊಂಡು ಸಾಯಿ."

ಗುನ್ವೋರ್ ತಡೆಯಲಿಲ್ಲ. ಅವನು ಬ್ಯಾಟರಿ ಹೊತ್ತು ಕಟ್ಟೆ ಹತ್ತಿದ ಮೇಲೆ, ತನ್ನ ಚೀಲ ಹೆಗಲಿಗೇರಿಸಿ ಅವಳೂ ಹತ್ತಿದಳು.

"ಎಲ್ಲಿಗೆ ಹೊರಟೆ? ದೋಣಿ ಮುಳುಗುತ್ತೆ ಕಣೇ!"

"ಮುಳುಗ್ಲಿ. ಸೋಮವಾರ ದೋಣಿ ಕಾಗದಕ್ಕೆ ನಾನು ಸಹಿ ಹಾಕೋವರೆಗೂ ಅದು ನಿಂದೇ. ಈಗ ಸಹಿ ಹಾಕಲ್ಲ."

ಅವಳು ತಿರುಗಿ ನೋಡದೆ ನಡೆದಳು. ಹಿಂದೆ ದೋಣಿಯೊಳಗಿಂದ ಬಕೆಟ್ಟಿನ ಸದ್ದು ಕೇಳತೊಡಗಿತು.