ಹಕ್ಕಿಗಳಿಗೆ ಹಚ್ಚಿದ ವಿಭೂತಿ

ಒದ್ದೆ ವಿಭೂತಿಯ ವಾಸನೆ ಬಂದರೆ ಈಗಲೂ ಯಡಿಯೂರಿನ ಮನೆಯ ಆ ಮಧ್ಯಾಹ್ನ ಕಣ್ಮುಂದೆ ನಿಲ್ಲುತ್ತದೆ.

ಅವತ್ತು ಸರಸ್ವತಿ ಪೂಜೆ. "ಪುಸ್ತಕಕ್ಕೆಲ್ಲ ವಿಭೂತಿ ಹಚ್ಚು ಪುಟ್ಟಿ, ಒಂದನ್ನೂ ಬಿಡ್ಬೇಡ," ಎಂದು ಅಜ್ಜಿ ಬಟ್ಟಲು ಕೊಟ್ಟರು. ನನ್ನವು ಮುಗಿದ ಮೇಲೆ ತಾತನ ಬೀರು ತೆರೆದೆ. ಹಳೆಯ ಚಿತ್ರದ ಪುಸ್ತಕಗಳಿಗಾಗಿ ಊರೂರು ಅಲೆದವರು ಅವರು. ಕೈಯಲ್ಲೇ ಬಣ್ಣ ತುಂಬಿದ್ದ ಹಕ್ಕಿಗಳ ಪುಸ್ತಕವೊಂದಿತ್ತು. ಪ್ರತಿ ಹಕ್ಕಿಯ ಹಣೆಗೂ ಒದ್ದೆ ಬೆರಳಿನಿಂದ ಮೂರು ಗೆರೆ ಎಳೆದೆ.

ತಾತ ಬಂದು ಒಂದೊಂದೇ ಪುಟ ತಿರುಗಿಸಿದರು. ಬಣ್ಣವೆಲ್ಲ ಬೂದಿಯಲ್ಲಿ ಕರಗಿತ್ತು.

"ಒಂದನ್ನೂ ಬಿಟ್ಟಿಲ್ವಲ್ಲಮ್ಮ," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆ ಬೀರುವನ್ನು ಅವರು ಮತ್ತೆ ತೆರೆಯಲಿಲ್ಲ.

ಮರುವರ್ಷ ತಾತ ತೀರಿಕೊಂಡರು. ದೇಹವನ್ನು ಹಜಾರದಲ್ಲಿ ಕೂರಿಸಿದ್ದರು. "ಬಾ, ತಾತನ ಹಣೆಗೆ ಹಚ್ಚು," ಎಂದು ಅಜ್ಜಿ ಅದೇ ಬಟ್ಟಲು ಚಾಚಿದರು.

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.